ಹೊಳೆಯ ಮೇಲ್ದಂಡೆಯ ದಿವಾನರು

ಕೃಷ್ಣಾ ಸ್ಟೇಷನ್ನಿನಿಂದ ರಾಯಚೂರಿನ ಕಡೆ ರೈಲು ಸೇತುವೆ ಹತ್ತಿದಾಗ ಎಷ್ಟು ಸಲ ಕೆಳಗಿನ ಕೃಷ್ಣೆಯ ನೀರು ನೋಡಿದ್ದೇನೋ! ಆ ನೀರು ಒಂದು ಕಾಲದ ಪುಟ್ಟ ರಾಜ್ಯವನ್ನು ತಾಗಿ ಬರುತ್ತದೆಂದು ಗೊತ್ತೇ ಇರಲಿಲ್ಲ. ತಂಗಡಿಯ ಸಂಗಮ ದಾಟಿ, ನಾರಾಯಣಪುರ, ಆಲಮಟ್ಟಿ ದಾಟಿ ಇನ್ನೂ ಮೇಲಕ್ಕೆ ಹೋಗಿ. ಅಲ್ಲಿದೆ ಜಮಖಂಡಿ. ಪಟವರ್ಧನ ರಾಜರ ಸಂಸ್ಥಾನ. ಅದಕ್ಕೂ ಶಾಸನಸಭೆ, ಮಂತ್ರಿಗಳು, ದಿವಾನರು!

ಎಷ್ಟು ದೊಡ್ಡದು? ಸುಮಾರು 524 ಚದರ ಮೈಲಿ. ನಕ್ಷೆಯಲ್ಲಿ ಬೆರಳಿಟ್ಟರೆ ಮುಚ್ಚಿಹೋಗುತ್ತದೆ. ಆದರೆ ಯುರೋಪಿನ ಅಂಡೋರಾ, ಲಿಕ್ಟನ್‌ಸ್ಟೈನ್, ಸ್ಯಾನ್ ಮರಿನೊ ಮೂರು ದೇಶಗಳನ್ನು ಒಟ್ಟಿಗಿಟ್ಟರೂ ಜಮಖಂಡಿಯ ಅರ್ಧದಷ್ಟೇ ಆಗುತ್ತವೆ! ಅವು ಇಂದಿಗೂ ದೇಶಗಳು, ಅವಕ್ಕೆ ಇಂದಿಗೂ ಸರ್ಕಾರಗಳಿವೆ.

ಈ ಜಮಖಂಡಿಯ ಸರ್ಕಾರವನ್ನು 1948ರಲ್ಲಿ ನಡೆಸಿದವರು ಒಬ್ಬ ವಕೀಲರು. ಬಸಪ್ಪ ದಾನಪ್ಪ ಜತ್ತಿ. ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿ, ಕೊಲ್ಹಾಪುರದಲ್ಲಿ ಕಾನೂನು ಓದಿ, ಊರಿಗೆ ಮರಳಿ ವಕೀಲಿಕೆ ಹಿಡಿದವರು. ಮೊದಲು ಜಮಖಂಡಿ ಪುರಸಭೆಯ ಸದಸ್ಯ, 1945ಕ್ಕೆ ಅಧ್ಯಕ್ಷ, ಆಮೇಲೆ ಸಂಸ್ಥಾನದ ಮಂತ್ರಿ, ಕೊನೆಗೆ ದಿವಾನ.

ದಿವಾನರಾಗಿ ಅವರು ಮಾಡಿದ್ದೇನು ಗೊತ್ತೇ? ರಾಜ ಶಂಕರರಾವ್ ಪಟವರ್ಧನರ ಜೊತೆ ಸೌಹಾರ್ದದಿಂದಲೇ ಇದ್ದು, ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದರು. 1948ರ ಮಾರ್ಚ್ 8ರಂದು ಜಮಖಂಡಿ ಮುಂಬಯಿ ಪ್ರಾಂತಕ್ಕೆ ಸೇರಿತು. ದಿವಾನಗಿರಿಯೂ ಅಂದೇ ಮುಗಿಯಿತು. ತಾವು ಕೂತ ಕುರ್ಚಿಯನ್ನು ತಾವೇ ಇಲ್ಲವಾಗಿಸಿ ಜತ್ತಿಯವರು ಮತ್ತೆ ಕರಿ ಕೋಟು ತೊಟ್ಟರು! ಇಪ್ಪತ್ತು ತಿಂಗಳು ವಕೀಲಿಕೆ ಮಾಡಿದರು. ಅವರ ಬದುಕಿನಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಈ ಇಪ್ಪತ್ತು ತಿಂಗಳು. ಅದೇ ಹೊತ್ತಿಗೆ ಅದೇ ಹೊಳೆಯ ಕೆಳಗೆ ನಾವು, ಮಕ್ತಲ್, ನಾರಾಯಣಪೇಟೆ, ಗದ್ವಾಲದವರು, ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದೆವು. ನಮಗೆ ಬಿಡುಗಡೆ ಬಂದದ್ದು 1948ರ ಸೆಪ್ಟೆಂಬರಿನಲ್ಲಿ, ಸೈನ್ಯದ ಜೊತೆ.

ಮುಂದಿನ ಮೆಟ್ಟಿಲುಗಳಂತೂ ಉಸಿರು ಬಿಡಲು ಪುರಸೊತ್ತು ಕೊಡುವುದಿಲ್ಲ. 1952ರಲ್ಲಿ ಮುಂಬಯಿ ಸರ್ಕಾರದ ಉಪಮಂತ್ರಿ, 1958ರಿಂದ 1962ರವರೆಗೆ ಮೈಸೂರಿನ ಮುಖ್ಯಮಂತ್ರಿ, ಆಮೇಲೆ ಪಾಂಡಿಚೇರಿಯ ಲೆಫ್ಟಿನೆಂಟ್ ಗವರ್ನರ್, ಒಡಿಶಾದ ರಾಜ್ಯಪಾಲ, 1974ರಲ್ಲಿ ಉಪರಾಷ್ಟ್ರಪತಿ. 1977ರ ಫೆಬ್ರವರಿ 11ರಂದು ರಾಷ್ಟ್ರಪತಿ ಫಕ್ರುದ್ದೀನ್ ಅಲಿ ಅಹಮದ್ ತೀರಿಕೊಂಡರು. ಸಾವಳಗಿಯ ಜತ್ತಿ ಹಂಗಾಮಿ ರಾಷ್ಟ್ರಪತಿ!

ಮಾರ್ಚ್ 24ರಂದು ಅವರು ಪ್ರಧಾನಿಯ ಪ್ರಮಾಣವಚನ ಬೋಧಿಸಿದ್ದು ಯಾರಿಗೆ? ಮೊರಾರ್ಜಿ ದೇಸಾಯಿಗೆ. ಅದೇ ಮೊರಾರ್ಜಿ ಮುಂಬಯಿಯ ಮುಖ್ಯಮಂತ್ರಿಯಾಗಿದ್ದಾಗ ಜತ್ತಿ ಅವರ ಕೈಕೆಳಗಿನ ಉಪಮಂತ್ರಿ! ಇನ್ನೊಂದು ಕೇಳಿ, ಇದು ನಮಗೇ ಸೇರಿದ್ದು. ಜುಲೈ 25ರಂದು ಜತ್ತಿಯವರು ಆ ಸ್ಥಾನ ಬಿಟ್ಟುಕೊಟ್ಟದ್ದು ನೀಲಂ ಸಂಜೀವ ರೆಡ್ಡಿಯವರಿಗೆ. 1956ರ ನವೆಂಬರಿನಲ್ಲಿ ರಾಯಚೂರು ಮೈಸೂರಿನ ಪಾಲಾಗಿ, ನಾವು ಆಂಧ್ರಪ್ರದೇಶದ ಪಾಲಾದಾಗ, ನಮ್ಮ ಮೊದಲ ಮುಖ್ಯಮಂತ್ರಿ ಆ ಸಂಜೀವ ರೆಡ್ಡಿಯವರೇ.

ಕೃಷ್ಣಾ ಮಂಡಲದ ಕನ್ನಡ ಶಾಲೆಗಳ ಗುರುಗಳೇ, ಮಕ್ಕಳಿಗೆ ಹೊಳೆಯ ಪಾಠ ಮಾಡುವಾಗ ಜಮಖಂಡಿಯ ಹೆಸರನ್ನೂ ಹೇಳಿ. ಜತ್ತಿಯವರ ಹೆಸರನ್ನೂ ಹೇಳಿ.