ಹೊಳೆ ಪಕ್ಕ ಜಮೀನಿದೆ, ಕ್ಯಾಬಿನ್ ಹಾಕೋಣ್ವಾ?

ದಾಂಡೇಲಿ, ಗಣೇಶಗುಡಿ ಅಂತ ಫೋನಲ್ಲಿ ಹುಡುಕಿ ನೋಡಿ. ಕಾಳಿ ನದಿ, ಸುತ್ತ ಕಾಡು, ಮಧ್ಯೆ ಒಂದು ಪುಟ್ಟ ಮರದ ಮನೆ, ಜಗುಲಿಯಲ್ಲಿ ಚಹಾ ಕಪ್ಪು. ಇಂಥ ರೀಲ್ಸ್ ಲೆಕ್ಕ ಇಲ್ಲದಷ್ಟು. ಅದನ್ನ ನೋಡಿ ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರು, ಗೋವಾದಿಂದ ಜನ ಗಾಡಿ ಹತ್ತಿ ಬರ್ತಾರೆ. ಅದೇ ರೀಲ್ಸ್ ನೋಡಿ ನಮ್ಮ ಕಡೆ ಹುಡುಗರು ಬೇರೆ ಲೆಕ್ಕ ಹಾಕ್ತಾರೆ: ನಮ್ಮದೂ ಹೊಳೆ ಪಕ್ಕ ಎರಡು ಎಕರೆ ಇದೆ, ನಾಲ್ಕು ಕ್ಯಾಬಿನ್ ಹಾಕಿದ್ರೆ ಅಡಿಕೆಗಿಂತ ಜಾಸ್ತಿ ಬರಲ್ವಾ?

ನಾನು ಜೋಯಿಡಾ ತಾಲೂಕಿನವನು. ನಮ್ಮ ತೋಟದಲ್ಲೂ ಕ್ಯಾಬಿನ್ ಇದೆ, ಹಾಗಾಗಿ ಈ ಪ್ರಶ್ನೆ ನನಗೆ ವಾರಕ್ಕೊಮ್ಮೆಯಾದ್ರೂ ಬರುತ್ತೆ. ನನ್ನ ಉತ್ತರ ಒಂದೇ. ತೋಟದ ನಾಲ್ಕು ಬೆಳೆಗಳ ಜೊತೆ ಕ್ಯಾಬಿನ್ ಐದನೇ ಬೆಳೆ ಆಗೋದಾದ್ರೆ ಹಾಕಿ. ಆ ನಾಲ್ಕನ್ನ ಕಿತ್ತು ಹಾಕೋದಾದ್ರೆ ಬೇಡ. ಯಾಕೆ ಅಂತ ಹೇಳ್ತೀನಿ.

ಮೊದಲು ಹೊಳೆಯ ವಿಷಯ. ಕಾಳಿ ಹುಟ್ಟೋದು ನಮ್ಮದೇ ತಾಲೂಕಿನ ಡಿಗ್ಗಿಯ ಹತ್ತಿರ, 184 ಕಿಲೋಮೀಟರ್ ಹರಿದು ಕಾರವಾರದಲ್ಲಿ ಸಮುದ್ರ ಸೇರುತ್ತೆ. ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅದರ ಬುಡದಲ್ಲಿ ವಿದ್ಯುತ್ ಘಟಕ. ಕೆಳಗೆ ಬೊಮ್ಮನಹಳ್ಳಿ, ಕೊಡಸಳ್ಳಿ, ಕದ್ರಾ ಅಂತ ಇನ್ನೂ ಅಣೆಕಟ್ಟುಗಳು. ಅಂದ್ರೆ ಈ ಹೊಳೆ ಬರೀ ಮಳೆಗೆ ಏರೋದಲ್ಲ, ಕರೆಂಟಿಗೂ ಏರುತ್ತೆ. ಬಿರುಬಿಸಿಲಿನ ಏಪ್ರಿಲ್‌ನಲ್ಲೂ ಘಟಕ ಓಡಿಸಿದ್ರೆ ಕಲ್ಲುಗಳೆಲ್ಲ ಮುಳುಗ್ತವೆ. ರಾಫ್ಟಿಂಗ್ ನಡೆಯೋದೂ ಆ ನೀರಲ್ಲೇ. 2019ರ ಆಗಸ್ಟ್‌ನಲ್ಲಿ ಕದ್ರಾದಿಂದ ನೀರು ಬಿಟ್ಟಾಗ ಕೆಳಗಿನ ಊರುಗಳ ಮನೆಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ.

ಹಾಗಾಗಿ ಜಾಗ ಆರಿಸೋವಾಗ ಡ್ರೋನ್ ಹುಡುಗನನ್ನ ಕರೆಸಬೇಡಿ, ಊರಿನ ಹಿರಿಯರನ್ನ ಕರ್ಕೊಂಡು ಹೋಗಿ. ಅತಿ ದೊಡ್ಡ ನೆರೆ ಬಂದಾಗ ನೀರು ಎಲ್ಲಿವರೆಗೆ ಬಂದಿತ್ತು ಅಂತ ಕೇಳಿ. ಬಿದಿರು ಮೆಳೆಯಲ್ಲಿ ಸಿಕ್ಕಿಕೊಂಡ ಕಸ, ಮರದ ಕಾಂಡದ ಮೇಲಿನ ಕೆಸರು ಗುರುತು ನೋಡಿ. ಆ ಗೆರೆಗಿಂತ ಚೆನ್ನಾಗಿ ಮೇಲೆ, ದಿಬ್ಬದ ಮೇಲೆ ಕಟ್ಟಿ. ಜಗುಲಿಯಿಂದ ಹೊಳೆ ಕಂಡ್ರೆ ಸಾಕು, ಕಾಲು ಇಳಿಬಿಟ್ಟರೆ ನೀರು ತಾಗಬೇಕು ಅನ್ನೋ ಆಸೆ ಬೇಡ. ಅತಿಥಿಗಳನ್ನ ಅವರಷ್ಟಕ್ಕೇ ಈಜೋಕೆ ಬಿಡಲೇಬಾರದು. ನೀರಿನ ಏರಿಳಿತ ಒಂದು ಕಡೆ, ದಾಂಡೇಲಿ ಭಾಗದಲ್ಲಿ ಮೊಸಳೆಗಳೂ ಇವೆ.

ಇನ್ನು ಕಾಗದಪತ್ರ. ಇದು ಬೇಜಾರಿನ ವಿಷಯ, ಆದ್ರೆ ಬಿಡೋ ಹಾಗಿಲ್ಲ. ಕೃಷಿ ಜಮೀನನ್ನ ಬೇರೆ ಉದ್ದೇಶಕ್ಕೆ ಬಳಸಬೇಕು ಅಂದ್ರೆ 1964ರ ಭೂ ಕಂದಾಯ ಕಾಯ್ದೆಯ ಸೆಕ್ಷನ್ 95ರ ಪ್ರಕಾರ ಜಿಲ್ಲಾಧಿಕಾರಿಯ ಅನುಮತಿ ಬೇಕು. ತೋಟದ ಮನೆಗೆ ರಿಯಾಯಿತಿ ಇದೆ ನಿಜ. ಬಾಡಿಗೆ ಕ್ಯಾಬಿನ್ನೂ ಅದರಲ್ಲೇ ಬರುತ್ತೆ ಅಂತ ಯಾರಾದ್ರೂ ಹೇಳಿದ್ರೆ ಬರವಣಿಗೆಯಲ್ಲಿ ಕೊಡಿ ಅನ್ನಿ. ನಮ್ಮ ಕಡೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ ಪಕ್ಕದಲ್ಲೇ ಇರೋದ್ರಿಂದ ಅರಣ್ಯ ಇಲಾಖೆಯನ್ನೂ ಕೇಳಲೇಬೇಕು. ಊಟ ಕೊಡ್ತೀರಾ? ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿ, ಆನ್‌ಲೈನಲ್ಲೇ ಆಗುತ್ತೆ. ವಿದೇಶಿ ಅತಿಥಿ ಬಂದ್ರೆ 24 ಗಂಟೆ ಒಳಗೆ ಅವರ ಮಾಹಿತಿ ಕೊಡಬೇಕು.

ಕಟ್ಟೋದು ನೀವಲ್ಲ, ಹೊರಗಿನವರು ಅಂದ್ರೆ ಕಥೆನೇ ಬೇರೆ. "ಗದ್ದೆ ನಿಮ್ಮ ಹೆಸರಲ್ಲೇ ಇರಲಿ, ನಾವು ಕಟ್ಕೋತೀವಿ, ತಿಂಗಳಿಗಿಷ್ಟು ಕೊಡ್ತೀವಿ" ಅಂತ ಬರೋರು ಬಹಳ. 1961ರ ಭೂ ಸುಧಾರಣಾ ಕಾಯ್ದೆ ಕೃಷಿ ಭೂಮಿ ಗೇಣಿಗೆ ಕೊಡೋದನ್ನೇ ನಿರ್ಬಂಧಿಸಿದೆ. ನೂರು ರೂಪಾಯಿ ಬಾಂಡ್ ಮೇಲೆ ಬರೆದ ಕರಾರು ಜಗಳದ ದಿನ ಯಾವ ಕಡೆ ಮಾತಾಡುತ್ತೋ ಹೇಳೋಕಾಗಲ್ಲ. ಅವರು ಅರ್ಧಕ್ಕೆ ಬಿಟ್ಟು ಹೋದ್ರೆ ಕಾಂಕ್ರೀಟ್ ಅಡಿಪಾಯ, ತುಂಬಿದ ಶೌಚ ಗುಂಡಿ, ನೋಟಿಸು ಮೂರೂ ಪಹಣಿಯಲ್ಲಿ ಹೆಸರಿರೋರಿಗೇ. ಸಹಿ ಹಾಕೋ ಮುಂಚೆ ನಿಮ್ಮದೇ ವಕೀಲರಿಗೆ ತೋರಿಸಿ. ಅವರು ಕರ್ಕೊಂಡು ಬಂದ ವಕೀಲರಿಗಲ್ಲ.

ದುಡ್ಡಿನ ಲೆಕ್ಕಕ್ಕೆ ಬರೋಣ. ಕೆಳಗಿನ ಅಂಕಿಗಳು ಉದಾಹರಣೆಗೆ ಅಷ್ಟೇ, ನಿಮ್ಮ ಅಂಕಿ ಹಾಕಿ ನೋಡಿ. ಶೌಚಾಲಯ ಸೇರಿ ಒಂದು ಕ್ಯಾಬಿನ್ನಿಗೆ 5 ಲಕ್ಷ ಅಂತಿಟ್ಕೊಳ್ಳಿ. ಎರಡಕ್ಕೆ 10 ಲಕ್ಷ, ಪೂರ್ತಿ ಸಾಲ, ಬಡ್ಡಿ 11 ಪರ್ಸೆಂಟ್. ಮೊದಲ ವರ್ಷದ ಬಡ್ಡಿಯೇ 1.1 ಲಕ್ಷ. ಜೂನ್‌ನಿಂದ ಸೆಪ್ಟೆಂಬರ್ ಮಳೆ, ಜನ ಕಡಿಮೆ. ಉಳಿದ ಎಂಟು ತಿಂಗಳಲ್ಲಿ ಸುಮಾರು 35 ವಾರಾಂತ್ಯ, ಎಲ್ಲವೂ ತುಂಬಲ್ಲ. ರಜೆಗಳನ್ನೂ ಸೇರಿಸಿ ಒಂದು ಕ್ಯಾಬಿನ್ನಿಗೆ 50 ರಾತ್ರಿ ಹಿಡಿಯಿರಿ. ರಾತ್ರಿಗೆ 2500ರಂತೆ ಎರಡರಿಂದ 2.5 ಲಕ್ಷ. ಬುಕಿಂಗ್ ಆಪ್ 20 ಪರ್ಸೆಂಟ್ ಹಿಡಿದ್ರೆ 50 ಸಾವಿರ ಹೋಯ್ತು. ತೊಳೆಯೋದು, ಗುಡಿಸೋದು, ಕರೆಂಟು ಅಂತ ರಾತ್ರಿಗೆ 500, ಇನ್ನೊಂದು 50 ಸಾವಿರ. ಬಡ್ಡಿ ಕಟ್ಟಿದ ಮೇಲೆ ಉಳಿಯೋದು 40 ಸಾವಿರ. ಅಸಲಿಗೆ ಇನ್ನೂ ಕೈ ಹಾಕಿಲ್ಲ.

ಅದೇ ಲೆಕ್ಕದಲ್ಲಿ ಸಾಲ ಇಲ್ಲದೆ ಒಂದೇ ಕ್ಯಾಬಿನ್ ಹಾಕಿದ್ರೆ 1.25 ಲಕ್ಷ ಬಂದು, ಖರ್ಚು ಹೋಗಿ 75 ಸಾವಿರ ಕೈಯಲ್ಲಿ. ಎರಡಕ್ಕಿಂತ ಒಂದೇ ಹೆಚ್ಚು! ಕಂಟ್ರಾಕ್ಟರು ಈ ಲೆಕ್ಕ ಹೇಳಲ್ಲ.

ಖರ್ಚು ಇಳಿಸೋಕೆ ತೋಟದಲ್ಲಿರೋದನ್ನೇ ಬಳಸಿ. ಸಿಲ್ವರ್ ಓಕ್ ಹಲಗೆ ಗೋಡೆಗೆ ಚೆನ್ನಾಗಿರುತ್ತೆ, ಅಡಿಕೆ ದಬ್ಬೆ ಜಗುಲಿಯ ಕಟಾಂಜನಕ್ಕೆ ಆಗುತ್ತೆ. ಬಿದಿರಾದ್ರೆ ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ದ್ರಾವಣದಲ್ಲಿ ನೆನೆಸದೆ ಬಳಸಬೇಡಿ, ಕುಟ್ಟೆ ಹುಳ ಬೇಗ ಪುಡಿ ಮಾಡಿಬಿಡುತ್ತೆ. ಕಲ್ಲಿನ ಕಂಬದ ಮೇಲೆ ನೆಲದಿಂದ ಎರಡಡಿ ಎತ್ತರಿಸಿ ಕಟ್ಟಿದ್ರೆ ಗೆದ್ದಲು, ತೇವ ಎರಡೂ ಕಡಿಮೆ. ಶೌಚ ಗುಂಡಿ ಬಾವಿಯಿಂದ ಕನಿಷ್ಠ 50 ಅಡಿ ದೂರ, ಇಳಿಜಾರಿನ ಕೆಳಬದಿಗೆ ಇರಲಿ. ಹೊಳೆ ಕಡೆಗೆ ಪೈಪ್ ಬಿಡೋರಿದ್ದಾರೆ, ಅವರ ಬಗ್ಗೆ ಬರೆದ್ರೆ ಈ ಲೇಖನ ಸಾಲಲ್ಲ.

ಅತಿಥಿ ಒಂದ್ಸಲ ಬರೋದು ಹೊಳೆಗೆ, ಎರಡನೇ ಸಲ ಬರೋದು ತೋಟಕ್ಕೆ. ಇದು ನಾನು ಕಣ್ಣಾರೆ ಕಂಡದ್ದು. ಬಳ್ಳಿಯಲ್ಲಿ ಹಸಿ ಕಾಳುಮೆಣಸು ಕಿತ್ತು ಬಾಯಿಗೆ ಹಾಕ್ಕೊಂಡ ಮಗು ಮುಖ ಕಿವುಚೋದನ್ನ ಅಪ್ಪ ವಿಡಿಯೋ ಮಾಡ್ತಾನೆ. ಹೋಗೋವಾಗ ಅರ್ಧ ಕಿಲೋ ಮೆಣಸು, ಒಂದು ಬಾಟಲಿ ಮುರುಗಲು ಶರಬತ್ತು ಕಾರಿಗೆ ಏರುತ್ತೆ. ದಲ್ಲಾಳಿ ಇಲ್ಲ, ತೂಕದಲ್ಲಿ ಮೋಸ ಇಲ್ಲ. ನಮ್ಮ ತಾಲೂಕಿನ ಕುಣಬಿ ಮನೆಗಳಲ್ಲಿ ಬೆಳೆಯೋ ಗಡ್ಡೆ ಗೆಣಸು ಬೇಯಿಸಿ ಚಟ್ನಿ ಜೊತೆ ಕೊಡಿ, ಹೋಟೆಲ್ ಪನೀರ್ ಯಾರೂ ಕೇಳಲ್ಲ.

ಮಂಗಟ್ಟೆ ಹಕ್ಕಿ ನೋಡೋಕೇ ದಾಂಡೇಲಿಗೆ ಬರೋರಿದ್ದಾರೆ, ಇಲ್ಲಿ ನಾಲ್ಕು ಜಾತಿ ಮಂಗಟ್ಟೆ ಸಿಗ್ತವೆ. ಅವಕ್ಕೆ ಆಲ, ಬಸರಿ, ಗೋಳಿ ಹಣ್ಣು ಬೇಕು. ಬದುವಿನಲ್ಲಿರೋ ಗೋಳಿ ಮರ ಕಡಿದು ಪಾರ್ಕಿಂಗ್ ಮಾಡಿದ್ರೆ ಹಕ್ಕಿನೂ ಹೋಯ್ತು, ಕ್ಯಾಮೆರಾ ಹಿಡಿದು ವಾರದ ಮಧ್ಯದಲ್ಲೂ ಬರ್ತಿದ್ದ ಅತಿಥಿನೂ ಹೋದ. ಸ್ಪೀಕರ್ ವಿಷಯವೂ ಅಷ್ಟೇ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ಕಾನೂನಿನಲ್ಲೇ ಇಲ್ಲ. ನಾವು ಸಂಜೆಯೂ ಬೇಡ ಅಂತ ಬುಕಿಂಗ್ ಸಮಯದಲ್ಲೇ ವಾಟ್ಸಾಪಲ್ಲಿ ಹೇಳಿಬಿಡ್ತೀವಿ. ಕೆಲವರು ಕ್ಯಾನ್ಸಲ್ ಮಾಡ್ತಾರೆ, ಮಾಡ್ಲಿ.

ಈ ಮಳೆಗಾಲದಲ್ಲಿ ಕಟ್ಟೋಕೆ ಹೋಗಬೇಡಿ. ಜಮೀನಿನಲ್ಲಿ ನೀರು ಎಲ್ಲಿ ನಿಲ್ಲುತ್ತೆ, ಎಲ್ಲಿ ಹರಿಯುತ್ತೆ, ರಸ್ತೆ ಯಾವ ತಿರುವಿನಲ್ಲಿ ಕೆಸರಾಗುತ್ತೆ ಅಂತ ಫೋನಲ್ಲಿ ಫೋಟೋ ತೆಗೆದು ತಾರೀಖು ಸಮೇತ ಇಟ್ಕೊಳ್ಳಿ. ಅಕ್ಟೋಬರ್‌ನಲ್ಲಿ ಬಡಗಿ ಬಂದಾಗ ಮೊದಲು ಆ ಫೋಟೋ ತೋರಿಸಿ, ಆಮೇಲೆ ರೀಲ್ಸ್.