ನಿವಾಸಿಯೋ, ಸಂದರ್ಶಕನೋ?

ಅಟ್ಲಾಂಟಿಕ್ ಸಾಗರಕ್ಕೂ ಕೆರಿಬಿಯನ್ ಸಮುದ್ರಕ್ಕೂ ನಡುವೆ ಪೋರ್ಟೋ ರೀಕೋ ಎಂಬ ದ್ವೀಪವಿದೆ. ಸುಮಾರು ನಾಲ್ಕು ಶತಮಾನ ಸ್ಪೇನಿನ ಅಧೀನದಲ್ಲಿದ್ದು, 1898ರಲ್ಲಿ ಅಮೆರಿಕದ ಕೈಸೇರಿದ ಈ ನಾಡಿನ ಆಡುಮಾತು ಇಂದಿಗೂ ಸ್ಪ್ಯಾನಿಷ್. ನಗರದ ಬೀದಿಗಳಲ್ಲಿ ಬೆಳೆದ, ಹಾಡಿಗಿಂತ ತಾಳಬದ್ಧವಾದ ಮಾತಿಗೆ ಹೆಚ್ಚು ಸಮೀಪವಾದ ‘ರ‍್ಯಾಪ್’ ಎಂಬ ಗಾಯನದಲ್ಲಿ ಹೆಸರಾದ ರೆನೆ ಪೆರೆಸ್ ಹೋಗ್ಲರ್ ಈ ದ್ವೀಪದವರು. 1978ರಲ್ಲಿ ಜನಿಸಿದ ಇವರು ಬೆಳೆದದ್ದು ಟ್ರುಹಿಯೊ ಆಲ್ಟೊ ಎಂಬ ಊರಿನ ಹದಿಮೂರನೆಯ ಬೀದಿಯಲ್ಲಿ.

ಆ ಬಡಾವಣೆಯ ಬಾಗಿಲಿನಲ್ಲಿ ಕಾವಲುಗಾರನೊಬ್ಬನಿರುತ್ತಿದ್ದನು. ಒಳಹೋಗುವವರನ್ನು ಅವನು, “ನಿವಾಸಿಯೋ, ಸಂದರ್ಶಕನೋ?” ಎಂದು ವಿಚಾರಿಸುವನು. ರೆನೆ ಅಲ್ಲಿಯ ನಿವಾಸಿ. ಆತನನ್ನು ಕಾಣಲು ಬರುತ್ತಿದ್ದ ಮಲಸಹೋದರ ಎದ್ವಾರ್ಡೊ ಕಾಬ್ರಾ ಸಂದರ್ಶಕ. ಮುಂದೆ ಇಬ್ಬರೂ ಕೂಡಿ ಸಂಗೀತತಂಡ ಕಟ್ಟಿದಾಗ ಅದಕ್ಕೆ ‘ಹದಿಮೂರನೆಯ ಬೀದಿ’ ಎಂದೇ ಹೆಸರಿಟ್ಟರು. ಕಾವಲುಗಾರನ ಆ ಎರಡು ಪದಗಳನ್ನೇ ತಮ್ಮ ರಂಗನಾಮಗಳನ್ನಾಗಿ ಮಾಡಿಕೊಂಡರು. ಅವರ ಮೊದಲ ಧ್ವನಿಮುದ್ರಿಕೆ 2005ರಲ್ಲಿ ಹೊರಬಂದಿತು. ಅವರ ಕೆಲವು ಹಾಡುಗಳ ಒರಟು ಮಾತು ನಮಗೆ ಹಿಡಿಸದು. ಆದರೆ ಈ ಹೆಸರಿನ ಕಥೆ ಮಾತ್ರ ಮನಸ್ಸಿಗೆ ಹತ್ತಿರವಾದುದು. ಈ ನಗರದ ಕಟ್ಟಡಗಳ ಬಾಗಿಲಲ್ಲಿ ನಮ್ಮನ್ನು, “ಯಾರ ಮನೆಗೆ?” ಎಂದು ಕೇಳುತ್ತಾರೆ, ಬೇಸಿಗೆಯಲ್ಲಿ ಊರಿಗೆ ಹೋದರೆ, “ಎಂದು ಹೊರಡುವಿರಿ?” ಎಂದು ಅಲ್ಲಿಯೂ ಕೇಳುತ್ತಾರಷ್ಟೆ!

ಕೀರ್ತಿ ಬಂದಿತು, ದೇಶವಿದೇಶಗಳಲ್ಲಿ ಕಚೇರಿಗಳಾದವು. ಒಮ್ಮೆ ಮೆಕ್ಸಿಕೋದಲ್ಲಿ ಹಾಡಬೇಕಾಗಿದ್ದಾಗ ರೆನೆಯವರ ಮನಸ್ಸು ತೀರ ಕುಗ್ಗಿಹೋಯಿತು. ಆಗ ಅವರು ದೂರವಾಣಿಯಲ್ಲಿ ಕರೆದದ್ದು ತಮ್ಮ ತಾಯಿಯನ್ನು. ಆ ವ್ಯಥೆಯಿಂದ ಮೂಡಿದ ಹಾಡು 2020ರ ಫೆಬ್ರವರಿಯಲ್ಲಿ ಚಿತ್ರಸಹಿತ ಪ್ರಕಟವಾಯಿತು.

ಇಂತಹ ಗಾಯನಚಿತ್ರಗಳಲ್ಲಿ ಬೆಲೆಬಾಳುವ ವಾಹನ, ಚಿನ್ನದ ಸರ, ಅರಮನೆಯಂತಹ ಮನೆಗಳನ್ನು ತೋರಿಸುವುದೇ ವಾಡಿಕೆ. ಇಲ್ಲಿ ಅವೊಂದೂ ಇಲ್ಲ. ಆರಂಭದಲ್ಲಿ ಕೇಳಿಬರುವುದು ನಟಿಯಾಗಿದ್ದ ತಾಯಿ ಫ್ಲೋರ್ ಹೋಗ್ಲರ್ ಅವರ ಕಂಠ. ಬಳಿಕ ಕಾಣುವುದು ಬಾಲ್ಯದ ಊರಿನ ಬೇಸ್‌ಬಾಲ್ ಮೈದಾನ. ಅಲ್ಲಿ ಸಾದಾ ಉಡುಪಿನಲ್ಲಿರುವ, ನಡುವಯಸ್ಸಿಗೆ ಕಾಲಿಟ್ಟ ಒಬ್ಬ ಮನುಷ್ಯ. ಮನೆಯ ಇಕ್ಕಟ್ಟು, ಬಾಲ್ಯಸ್ನೇಹಿತನ ಸಾವು, ಒಡೆದ ಸಂಸಾರ, ಒಂಟಿತನ, ಇವೆಲ್ಲವನ್ನೂ ಅವರು ಯಾವ ಅಲಂಕಾರವೂ ಇಲ್ಲದೆ ಹೇಳಿಕೊಳ್ಳುತ್ತಾರೆ. ಪನಾಮಾದ ಹಿರಿಯ ಗಾಯಕ ರೂಬೆನ್ ಬ್ಲೇಡ್ಸ್ ಅವರೂ ದನಿಗೂಡಿಸಿದ್ದಾರೆ. ಕೇಳುತ್ತ ಹೋದಂತೆ, ಆ ಮೈದಾನಕ್ಕೆ ಹಿಂದಿರುಗಿದವರು ನಿವಾಸಿಯೋ, ಈಗ ಸಂದರ್ಶಕರೋ ಎಂಬ ಸಂಶಯ ನಮಗೂ ಹುಟ್ಟುತ್ತದೆ.

ಅದೇ ವರ್ಷ ಲ್ಯಾಟಿನ್ ಗ್ರ್ಯಾಮಿ ಪುರಸ್ಕಾರದಲ್ಲಿ ಇದು ವರ್ಷದ ಹಾಡೆಂದು ಆಯ್ಕೆಯಾಯಿತು. ಹಾಡಿಗೆ ಅವರಿಟ್ಟ ಹೆಸರು ರಂಗನಾಮವಲ್ಲ. ಹುಟ್ಟಿದಾಗ ಮನೆಯವರು ಇಟ್ಟ ‘ರೆನೆ’ ಎಂಬುದೇ.