ದತ್ತಿಯೂ ವರ್ಷಾಶನವೂ

ಅಮೆರಿಕಾ ಸಂಯುಕ್ತ ಸಂಸ್ಥಾನದಲ್ಲಿ ಸಾರ್ವಜನಿಕ ವಿಶ್ವವಿದ್ಯಾನಿಲಯಗಳು ಆಯಾ ರಾಜ್ಯಗಳ ಸ್ವತ್ತು. ಆದರೂ ಅವುಗಳಿಗೆ ಕೇಂದ್ರ ಸರಕಾರದ ಧನವು ಎರಡು ಬಗೆಯಾಗಿ ಸಲ್ಲುತ್ತದೆ. ಒಂದು ದತ್ತಿಯಂತಹುದು, ಇನ್ನೊಂದು ವರ್ಷಾಶನದಂತಹುದು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಇದಕ್ಕೆ ನಿದರ್ಶನ.

1862ರ ಮಾರಿಲ್ ಶಾಸನವು, ಕಾಂಗ್ರೆಸ್ಸಿನಲ್ಲಿ ರಾಜ್ಯಕ್ಕಿದ್ದ ಒಬ್ಬೊಬ್ಬ ಸದಸ್ಯನಿಗೆ 30,000 ಎಕರೆಯಂತೆ ಭೂಮಿಯನ್ನು ವಿದ್ಯಾರ್ಥವಾಗಿ ಕೊಟ್ಟಿತು. ಕ್ಯಾಲಿಫೋರ್ನಿಯಾಕ್ಕೆ ಸಂದುದು 1,50,000 ಎಕರೆ. ಇದರ ಬಲದಿಂದಲೂ 1868ರಲ್ಲಿ ವಿಶ್ವವಿದ್ಯಾನಿಲಯವು ಸ್ಥಾಪಿತವಾಯಿತು. ವಿಕ್ರಯಧನದ ಮೂಲವು ಎಂದಿಗೂ ಕುಂದಬಾರದೆಂಬುದು ಶಾಸನದ ಕಟ್ಟಳೆ. ಆ ಭೂಮಿಯು ಮೂಲನಿವಾಸಿಗಳು ಕಳೆದುಕೊಂಡ ಭೂಮಿಯೆಂಬುದನ್ನೂ ಇಲ್ಲಿ ಹೇಳಲೇಬೇಕು.

ಸಂಶೋಧನೆಯ ಧನವಾದರೋ ಪ್ರತಿವರ್ಷದ ಆಯವ್ಯಯ ಶಾಸನವನ್ನು ನೆಚ್ಚಿಕೊಂಡಿದೆ. 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳು, ಕಟ್ಟಡ, ವಿದ್ಯುತ್ತು, ಆಡಳಿತ ಮೊದಲಾದ ಪರೋಕ್ಷ ವೆಚ್ಚಗಳಿಗೆ ಶೇಕಡಾ 15ಕ್ಕಿಂತ ಹೆಚ್ಚು ಕೊಡಲಾಗದೆಂದು ಸಾರಿದುವು. ಮ್ಯಾಸಚೂಸೆಟ್ಸಿನ ಕೇಂದ್ರ ನ್ಯಾಯಾಲಯವು ಅದನ್ನು ತಡೆಯಿತು. ತೀರ್ಪಿಗೆ ಮುಖ್ಯ ಆಧಾರವಾದುದು, 2018ರಿಂದ ಆಯವ್ಯಯ ಶಾಸನದಲ್ಲಿ ಸೇರಿಬಂದ ಒಂದು ನಿಬಂಧನೆ: ಆ ವೆಚ್ಚವನ್ನು ಗೊತ್ತುಮಾಡುವ ಪದ್ಧತಿಯನ್ನು ಬದಲಿಸುವುದಕ್ಕೆ ಮಂಜೂರಾದ ಹಣವನ್ನು ಬಳಸಕೂಡದು.

ಆದುದರಿಂದ ಆಯವ್ಯಯದಲ್ಲಿ ಮೊತ್ತವನ್ನು ಮಾತ್ರ ನೋಡಿದರೆ ಸಾಲದು, ವಾಕ್ಯಗಳನ್ನೂ ಪರಿಶೀಲಿಸಬೇಕು. ಸಾವಿರಾರು ಪ್ರಯೋಗಶಾಲೆಗಳನ್ನು ಕಾದುದು ಒಂದು ವಾಕ್ಯ. ಆದರೆ ಆ ರಕ್ಷೆಯೂ ವರ್ಷಾಶನದಂತಹುದೇ. ಶಾಸನಸಭೆಯು ಅದನ್ನು ವರ್ಷವರ್ಷವೂ ಹೊಸದಾಗಿ ಬರೆಯಬೇಕು.